ಹತ್ತನೇ ತರಗತಿಯ ಭೂಗೋಳ: ಸ್ಥಾನ, ವಿಸ್ತೀರ್ಣ ಹಾಗೂ ವಾಯುಗುಣ

ಹತ್ತನೇ ತರಗತಿಯ ಭೂಗೋಳವು ಕರ್ನಾಟಕದ ರಾಜ್ಯ ಪಠ್ಯಕ್ರಮದಲ್ಲಿ ಸಮಾಜ ವಿಜ್ಞಾನವೆಂಬ ಉಪಖಂಡದ ನಡುವೆ ಸಿಕ್ಕಿಬಿದ್ದಿರುವ ಪ್ರದೇಶ. ಇದರ ಒಂದು ಗಡಿಯಲ್ಲಿ ಸಮಾಜಶಾಸ್ತ್ರ, ಇನ್ನೊಂದರಲ್ಲಿ ಅರ್ಥಶಾಸ್ತ್ರ. ಇತಿಹಾಸ, ರಾಜ್ಯಶಾಸ್ತ್ರ, ವ್ಯವಹಾರ ಅಧ್ಯಯನಗಳು ತುಸು ದೂರದ ನೆರೆಹೊರೆ. ಆರೂ ಒಂದೇ ಪ್ರಶ್ನೆಪತ್ರಿಕೆಯನ್ನು ಹಂಚಿಕೊಂಡು ಬಾಳಬೇಕು. ಸಂಕ್ರಾಂತಿ ಕಳೆಯುತ್ತಲೇ ಗಣಿತವೂ ವಿಜ್ಞಾನವೂ ಸ್ಪೆಷಲ್ ಕ್ಲಾಸಿನ ವೇಷದಲ್ಲಿ ದಂಡೆತ್ತಿ ಬರುವುದರಿಂದ ಇಲ್ಲಿ ಪೀರಿಯಡ್ಡುಗಳ ಸವೆತ ತೀವ್ರ. ಸಮಾಜದ ಮೇಷ್ಟ್ರು ಹಾಕುವ ಬದುಗಳು ಈ ಪ್ರವಾಹಕ್ಕೆ ನಿಂತ ದಾಖಲೆ ಕಡಿಮೆ.

ಪ್ರದೇಶದ ಮುಖ್ಯ ಭೂಸ್ವರೂಪ, ವಿದ್ಯಾರ್ಥಿಯು ಸ್ವಹಸ್ತದಿಂದ ಬಿಡಿಸುವ ಭಾರತದ ನಕ್ಷೆ. ಸರ್ವೇಕ್ಷಣ ಇಲಾಖೆಯ ಭಾರತ ಉತ್ತರ-ದಕ್ಷಿಣವಾಗಿ 3,214 ಕಿ.ಮೀ., ಪೂರ್ವ-ಪಶ್ಚಿಮವಾಗಿ 2,933 ಕಿ.ಮೀ. ಇದೆ. ಉತ್ತರಪತ್ರಿಕೆಯ ಭಾರತ ಹಾಳೆಯಲ್ಲಿ ಉಳಿದ ಜಾಗವನ್ನು ಅವಲಂಬಿಸಿದೆ. ಕಾಶ್ಮೀರಕ್ಕೆ ಧಾರಾಳವಾಗಿ ಸ್ಥಳ ಕೊಟ್ಟಲ್ಲಿ ದಕ್ಷಿಣ ಪ್ರಸ್ಥಭೂಮಿ ಸೋರೆಕಾಯಿಯಂತೆ ಬಳುಕಿ, ಕನ್ಯಾಕುಮಾರಿಯು ಮುಂದಿನ ಪ್ರಶ್ನೆಯ ಕ್ರಮಸಂಖ್ಯೆಯ ಮೇಲೆ ಇಳಿಯುತ್ತದೆ. ಕಾಠಿಯಾವಾಡ ಪರ್ಯಾಯ ದ್ವೀಪ ರಬ್ಬರಿನ ಸವೆತಕ್ಕೆ ಪದೇ ಪದೇ ಒಳಗಾಗುವ ಭಾಗ. ನಿಜದಲ್ಲಿ ಅತಿ ಕಿರಿದಾದೆಡೆ ಸುಮಾರು 22 ಕಿ.ಮೀ. ಅಗಲವಿರುವ ಸಿಲಿಗುರಿ ಪಟ್ಟಿ ಕೆಲವರ ಕೈಯಲ್ಲಿ ಬಿಹಾರದಷ್ಟು ಹಿಗ್ಗುತ್ತದೆ, ಕೆಲವರ ಕೈಯಲ್ಲಿ ಮುಚ್ಚಿಹೋಗಿ ಈಶಾನ್ಯ ರಾಜ್ಯಗಳು ಬಂಗಾಳ ಕೊಲ್ಲಿಗೆ ತೇಲಿಹೋಗುತ್ತವೆ. ದ್ವೀಪಗಳ ಉಗಮವನ್ನು ಪಠ್ಯಪುಸ್ತಕ ಬೇರೆ ಬೇರೆಯಾಗಿ ವಿವರಿಸುತ್ತದೆ: ಲಕ್ಷದ್ವೀಪ ಹವಳದಿಂದಾದದ್ದು, ಅಂಡಮಾನ್ ಮುಳುಗಿದ ಪರ್ವತಗಳ ಶಿಖರ. ಪರೀಕ್ಷಾ ಕೊಠಡಿಯಲ್ಲಿ ಎರಡೂ ಕೊನೆಯ ಗಂಟೆಯ ಹೊತ್ತಿಗೆ ಪೆನ್ಸಿಲ್ ಕುಕ್ಕಿದಾಗ ಒಟ್ಟಿಗೇ ಹುಟ್ಟುತ್ತವೆ.

23½° ಉತ್ತರ ಅಕ್ಷಾಂಶದ ಕರ್ಕಾಟಕ ಸಂಕ್ರಾಂತಿ ವೃತ್ತವು ಗುಜರಾತಿನಿಂದ ಮಿಜೋರಾಂವರೆಗೆ ಎಂಟು ರಾಜ್ಯಗಳನ್ನು ಹಾಯುತ್ತದೆ. ಸ್ಕೇಲ್ ಜಾರಿದರೆ ಒಂಬತ್ತನೆಯದಾಗಿ ಮಹಾರಾಷ್ಟ್ರಕ್ಕೂ ಆ ಭಾಗ್ಯ ಉಂಟು. 82½° ಪೂರ್ವ ರೇಖಾಂಶ ಮಾತ್ರ ಯಾರ ತಂಟೆಗೂ ಹೋಗದೆ ನೆಟ್ಟಗೆ ನಿಂತಿರುತ್ತದೆ. ಅಡ್ಡಗೆರೆಗಿಂತ ಉದ್ದಗೆರೆ ಎಳೆಯುವುದು ಸುಲಭವೆಂಬುದಕ್ಕಿಂತ ಆಳವಾದ ಕಾರಣ ಇದಕ್ಕೆ ಇದ್ದಂತಿಲ್ಲ.

ವಾಯುಗುಣ ಪೂರ್ತಿಯಾಗಿ ಒಂದಂಕದ ಉತ್ತರಗಳಿಂದ ಕೂಡಿದೆ. ಅತಿ ಹೆಚ್ಚು ಮಳೆ ಮೌಸಿನ್ರಾಂ, ಅತಿ ಕಡಿಮೆ ರೂಯ್ಲಿ. ಇವೆರಡರ ನಡುವೆ ಮಳೆ ಬೀಳುವ ಊರುಗಳು ಪರೀಕ್ಷೆಗೆ ಬರುವುದಿಲ್ಲ. ಬೇಸಿಗೆಯ ಸ್ಥಳೀಯ ಮಳೆಗೆ ಪಶ್ಚಿಮ ಬಂಗಾಳದಲ್ಲಿ ಕಾಲ್ ಬೈಸಾಖಿ, ಕರ್ನಾಟಕದಲ್ಲಿ ಕಾಫಿ ಹೂಮಳೆ ಎಂದು ಹೆಸರು. ಹೂಮಳೆಯ ಕಾಲವೂ ಪರೀಕ್ಷೆಯ ಕಾಲವೂ ಮಾರ್ಚ್-ಏಪ್ರಿಲ್ ಆದ್ದರಿಂದ, ಹೊರಗೆ ಅದು ಸುರಿಯುತ್ತಿರುವಾಗಲೇ ಅದರ ಹೆಸರು ನೆನಪಾಗದೆ ಕಿಟಕಿಯತ್ತ ನೋಡುವ ಚಿಕ್ಕಮಗಳೂರಿನ ಅಭ್ಯರ್ಥಿಯ ಸಾಧ್ಯತೆಯನ್ನು ಶಾಸ್ತ್ರ ಅಲ್ಲಗಳೆಯುವುದಿಲ್ಲ. ಮಣ್ಣಿನದೂ ಇದೇ ಕಥೆ. ಮಳೆಗಾಲದಲ್ಲಿ ಚಪ್ಪಲಿಗೆ ಅಂಟಿದ ಎರೆಮಣ್ಣನ್ನು ಶಾಲೆಯ ಮೆಟ್ಟಿಲಿಗೆ ಉಜ್ಜಿ ಒಳಬರುವ ಗದಗದ ಹುಡುಗಿ, ಕಪ್ಪು ಮಣ್ಣು ತೇವಾಂಶವನ್ನು ಬಹುಕಾಲ ಹಿಡಿದಿಡುತ್ತದೆಂದು ಗೈಡಿನಿಂದ ಬಾಯಿಪಾಠ ಮಾಡುತ್ತಾಳೆ. ಮೆಟ್ಟಿಲಿನ ಸಾಕ್ಷ್ಯಕ್ಕೆ ಅಂಕವಿಲ್ಲ.

ಕೃಷಿಯ ಅಧ್ಯಾಯದಲ್ಲಿ ಭಾರತದ ಬೇಸಾಯ ಮಾನ್ಸೂನ್ ಜೊತೆ ಆಡುವ ಜೂಜು, ಸಮರ್ಥಿಸಿ ಎಂಬ ಪ್ರಶ್ನೆ ಸ್ಥಿರವಾಗಿ ನೆಲೆಸಿದೆ. ಕಳೆದ ವರ್ಷ ಬಂದದ್ದು ಈ ವರ್ಷ ಬರಲಾರದೆಂದು ಅದನ್ನೇ ಓದದೆ ಬಿಡುವವರು ಜೂಜಿನ ಇನ್ನೊಂದು ಪ್ರಭೇದವನ್ನು ಪ್ರಾಯೋಗಿಕವಾಗಿ ಸಮರ್ಥಿಸುತ್ತಾರೆ. ಭಾಕ್ರಾ-ನಂಗಲ್ ಸಟ್ಲೆಜ್ ಮೇಲೆ, ಹಿರಾಕುಡ್ ಮಹಾನದಿ ಮೇಲೆ. ಹೊಂದಿಸಿ ಬರೆಯುವಾಗ ಅಣೆಕಟ್ಟುಗಳು ನದಿ ಬದಲಿಸುವುದು ವಿರಳವೇನಲ್ಲ. ಖನಿಜ, ಸಾರಿಗೆ, ಕೈಗಾರಿಕೆಗಳಿಗೆ ಪಾಠ ತಲುಪುವ ಹೊತ್ತಿಗೆ ಪೂರ್ವಸಿದ್ಧತಾ ಪರೀಕ್ಷೆ ಬಂದಿರುವುದರಿಂದ ಅವನ್ನು ಈ ಗ್ರಂಥವೂ ಓಡಿಸಿ ಮುಗಿಸುತ್ತದೆ.

ಫಲಿತಾಂಶದ ನಂತರದ್ದು ಸಾಮೂಹಿಕ ವಲಸೆ. ಪಿಯುಸಿಯಲ್ಲಿ ಜನಸಂಖ್ಯೆಯ ಬಹುಪಾಲು ವಿಜ್ಞಾನ, ವಾಣಿಜ್ಯಗಳ ಕಡೆ ಹರಿಯುತ್ತದೆ. ಭೂಗೋಳ ಕಲಾ ವಿಭಾಗದ ಕೆಲವು ಸಂಯೋಜನೆಗಳಲ್ಲಿ ಮಾತ್ರ ಉಳಿದುಕೊಂಡಿದೆ. ಹಿಮ್ಮುಖ ವಲಸೆಯೂ ಇದೆ. ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ವಿಜಯನಗರದಲ್ಲೋ ಧಾರವಾಡದಲ್ಲೋ ಕೆಎಎಸ್ ಕೋಚಿಂಗಿಗೆ ಸೇರಿದವರು, ಹತ್ತನೇ ತರಗತಿಯ ಸಮಾಜ ವಿಜ್ಞಾನದ ಪುಸ್ತಕಕ್ಕಾಗಿ ಅಂಗಡಿ ಅಂಗಡಿ ಸುತ್ತುತ್ತಾರೆ.