ಮಾರ್ಚ್ ರಾಯರ ಬಾಕಿ ಕೊಲೆಗಳು

ಬ್ಯಾಂಕಿನವರಿಗೆ ಹನ್ನೊಂದು ತಿಂಗಳು ವರ್ಷ, ಒಂದು ತಿಂಗಳು ಮಾರ್ಚು. ಆ ಒಂದು ತಿಂಗಳಲ್ಲಿ ನಮ್ಮ ಮ್ಯಾನೇಜರಿಗೆ ಬಿಪಿ ಏರುತ್ತಿತ್ತು, ಕ್ಯಾಷಿಯರ್ ಮೇಡಂಗೆ ಅರೆತಲೆನೋವು ಶುರುವಾಗುತ್ತಿತ್ತು, ನಮ್ಮ ರಾಯರಿಗೆ ಪತ್ತೇದಾರಿ ಕಾದಂಬರಿಯ ಚಪಲ ಹತ್ತುತ್ತಿತ್ತು.

ಉಳಿದ ಹನ್ನೊಂದು ತಿಂಗಳು ರಾಯರು ಅಚ್ಚಾದ ಅಕ್ಷರದ ತಂಟೆಗೆ ಹೋದವರಲ್ಲ. ಭಾನುವಾರದ ಪುರವಣಿಯನ್ನು ಮಡಿಕೆ ಮುರಿಯದೆ ಅಡುಗೆಮನೆಗೆ ದಾಟಿಸುತ್ತಿದ್ದರು, ಡಬ್ಬಿಗಳ ಕೆಳಗೆ ಹಾಸಲಿಕ್ಕೆ. ‘ಮದುವೆಮನೆಯಲ್ಲಿ ಕೊಟ್ಟ ಪುಸ್ತಕಾನೂ ಇವರು ಬಿಚ್ಚಿ ನೋಡಿದವರಲ್ಲ. ಮಾರ್ಚ್ ಬಂದ್ರೆ ಮಾತ್ರ ಮೈಮೇಲೆ ಬಂದಹಾಗೆ ಆಡ್ತಾರೆ’ ಎಂದು ಅವರ ಮನೆಯವರೇ ನನ್ನೆದುರು ಅಂದದ್ದುಂಟು. ಹೀಗಾಗಿ ಶಾಖೆಯಲ್ಲಿ ಅವರಿಗೆ ‘ಮಾರ್ಚ್ ರಾಯರು’ ಎಂದೇ ಹೆಸರಾಯಿತು. ನಿಜವಾದ ಹೆಸರು ಸಂಬಳದ ಚೀಟಿಗಷ್ಟೇ.

ಶಿವಮೊಗ್ಗದ ಮಾರ್ಚು ಹೇಗಿರುತ್ತದೆಂದು ಹೊರಗಿನವರಿಗೆ ಸ್ವಲ್ಪ ಹೇಳಬೇಕು. ಅಡಿಕೆ ಕೊಯ್ಲು ಮುಗಿದು, ಮಾಲು ಮಂಡಿಗೆ ಹೋಗಿ, ಒಂದಿಷ್ಟು ದುಡ್ಡು ಕೈಗೆ ಬಂದಿರುತ್ತದೆ. ಬೆಳೆಸಾಲ ಮೂರು ಲಕ್ಷದೊಳಗಿದ್ದು ಹೇಳಿದ ದಿನಕ್ಕೆ ಕಟ್ಟಿದರೆ ಬಡ್ಡಿ ಶೇಕಡ 4ಕ್ಕೆ ಇಳಿಯುತ್ತದೆ. ಹಾಗಾಗಿ ತೀರ್ಥಹಳ್ಳಿ ಕಡೆಯಿಂದ, ಹೊಸನಗರದ ಕಡೆಯಿಂದ ಮೊದಲ ಬಸ್ಸಿಗೇ ಹೊರಟವರು ನಾವು ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿರುತ್ತಾರೆ. ಅವರ ಹಿಂದೆ ಬಂಗಾರದ ಸಾಲ ತಿರುಗಿಸುವವರು, ಅವರ ಹಿಂದೆ ವರ್ಷವಿಡೀ ನಿದ್ದೆ ಮಾಡಿ ಕೊನೇ ವಾರ ಪಿಪಿಎಫ್‌ಗೆ ಓಡಿಬರುವ ಮೇಷ್ಟ್ರುಗಳು, ಖಜಾನೆಯಿಂದ ಬಿಲ್ಲು ಪಾಸಾಯಿತೋ ಇಲ್ಲವೋ ಎಂದು ಗಂಟೆಗೊಮ್ಮೆ ಪಾಸ್‌ಬುಕ್ ತೂರಿಸುವ ಕಂಟ್ರಾಕ್ಟರುಗಳು. ಈ ಸಂತೆಯ ನಡುವೆ ರೀಜನಲ್ ಆಫೀಸಿನ ಫೋನು. ಕಂತು ತಪ್ಪಿ ತೊಂಬತ್ತು ದಿನ ದಾಟಿದ ಸಾಲ ಎನ್‌ಪಿಎ ಆಗುತ್ತದೆ, ಅದು ಆಗದಂತೆ ನೋಡಿಕೊಳ್ಳಿ ಎಂದು ದಿನಕ್ಕೆ ತೊಂಬತ್ತು ಸಲ.

ರಾಯರ ತಯಾರಿ ಫೆಬ್ರವರಿಯಲ್ಲೇ ನಡೆಯುತ್ತಿತ್ತು. ಹಳೇ ಪುಸ್ತಕದ ಅಂಗಡಿಗೆ ಹೋಗಿ, ಹೀರೇಕಾಯಿ ಆರಿಸಿದಂತೆ ಬಗ್ಗಿಸಿ ನೋಡಿ, ಐದಾರು ಕಾದಂಬರಿ ತರುತ್ತಿದ್ದರು. ಎನ್. ನರಸಿಂಹಯ್ಯನವರದು ಸಿಕ್ಕರೆ ಮೊದಲ ಆದ್ಯತೆ. ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದವರು ಅವರು. ‘ನನ್ನ ಸರ್ವೀಸು ಮುಗಿದ್ರೂ ಸ್ಟಾಕ್ ಮುಗಿಯಲ್ಲ ಮಾರಾಯ’ ಎಂಬ ಭದ್ರತೆ ರಾಯರಿಗೆ. ಪತ್ತೇದಾರ ಪುರುಷೋತ್ತಮನ ಬಗ್ಗೆ ಅವರು ಮಾತಾಡುವುದನ್ನು ಕೇಳಿದರೆ ಯಾರೋ ವರ್ಗವಾಗಿ ಹೋದ ಸಹೋದ್ಯೋಗಿ ಅಂದುಕೊಳ್ಳಬೇಕು. ಬೀಚಿಯವರ ತಿಮ್ಮ ನಡುವೆ ಬಾಯಿ ರುಚಿಗೆ. ಪುಸ್ತಕದ ಕೊನೇ ಹಾಳೆ ಹರಿದಿದ್ದರೆ ‘ಬ್ಯಾಡ್ ಡೆಟ್’ ಎಂದು ಅಂಗಡಿಯವನಿಗೇ ವಾಪಸ್. ಹಿಂದೆ ಓದಿದ ಪುಣ್ಯಾತ್ಮನೊಬ್ಬ ಮೊದಲ ಪುಟದಲ್ಲೇ ಪೆನ್ಸಿಲಿನಿಂದ ಕೊಲೆಗಾರನ ಹೆಸರು ಬರೆದಿಟ್ಟಿದ್ದಾಗ, ‘ಇಂಥವರಿಗೆ ಸಾಲ ಕೊಡಬಾರದು’ ಎಂದಿದ್ದರು.

ನಾನು ಗುಮಾಸ್ತನಾಗಿ ಸೇರಿದಾಗ ಇನ್ನೂ ಲೆಡ್ಜರಿನ ಕಾಲ. ಒಂದೊಂದು ಲೆಡ್ಜರು ತೊಟ್ಟಿಲ ಮಗುವಿನಷ್ಟು ಭಾರ, ಅದರೊಳಗೆ ‘ಸುಧಾ’ ವಾರಪತ್ರಿಕೆ ಅಂಗಾತ ಮಲಗಿದರೂ ಅಂಚು ಕಾಣುತ್ತಿರಲಿಲ್ಲ. ಕಂಪ್ಯೂಟರು ಬಂದಾಗ ಉಳಿದವರೆಲ್ಲ ಕೆಲಸ ಹೋದೀತೆಂದು ಅಂಜಿದರೆ ರಾಯರು ಮರೆ ಹೋಯಿತೆಂದು ಕೊರಗಿದರು. ನಾಲ್ಕೇ ದಿನ. ಐದನೇ ದಿನ ಕಾದಂಬರಿಗೆ ಖಾಕಿ ರಟ್ಟು ಹಾಕಿ, ಮೇಲೆ ‘ಸರ್ಕ್ಯುಲರ್ ಫೈಲ್’ ಎಂದು ಚೀಟಿ ಅಂಟಿಸಿ ಮೇಜಿನ ಮೇಲೇ ಇಟ್ಟರು. ಬ್ಯಾಂಕಿನಲ್ಲಿ ಚಿನ್ನ ಕಳುವಾಗಬಹುದು, ಸ್ಟೇಪ್ಲರಂತೂ ಆಗಿಯೇ ಆಗುತ್ತದೆ. ಸರ್ಕ್ಯುಲರ್ ಫೈಲನ್ನು ಮಾತ್ರ ಯಾರೂ ಮುಟ್ಟುವುದಿಲ್ಲ.

ಒಮ್ಮೆ ಮುಟ್ಟಿದರು. ಏಪ್ರಿಲಿನಲ್ಲಿ ಆಡಿಟ್ಟಿಗೆ ಬಂದ ಹುಡುಗ, ಆಗಷ್ಟೇ ಸಿಎ ಮುಗಿಸಿದವನು, ಸರ್ಕ್ಯುಲರ್ ಫೈಲ್ ಕೊಡಿ ಅಂದ. ರಾಯರು ಊಟಕ್ಕೆ ಹೋಗಿದ್ದರು, ನಾನು ಅರಿಯದೆ ಕೊಟ್ಟುಬಿಟ್ಟೆ. ಹುಡುಗ ಒಂದು ಗಂಟೆ ತಲೆ ಎತ್ತಲಿಲ್ಲ. ಕಾಫಿ ಆರಿತು. ನಾವೆಲ್ಲ ಜೀವ ಕೈಯಲ್ಲಿ ಹಿಡಿದು ಕೂತೆವು. ರಾಯರು ಬಂದಮೇಲೆ ಅವರನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ, ‘ಸರ್, ಎರಡನೇ ಭಾಗ ಇದೆಯಾ?’ ಎಂದು ಕೇಳಿದ. ಆ ವರ್ಷದ ಆಡಿಟ್ ವರದಿಯಷ್ಟು ಸೌಮ್ಯವಾದದ್ದನ್ನು ನಾನು ಕಂಡಿಲ್ಲ.

ಫೋನಿನಲ್ಲಿ ಓದಬಹುದಲ್ಲ, ಈಗ ಎಲ್ಲ ಅಲ್ಲೇ ಸಿಗುತ್ತದೆ ಎಂದು ಒಂದು ಸಲ ಅಂದೆ. ರಾಯರು ತಮ್ಮ ಫೋನನ್ನೇ ನನ್ನ ಕೈಗಿಟ್ಟರು. ನಾನು ನೋಡುತ್ತಿದ್ದಂತೆಯೇ ‘ರಿಕವರಿ ಗ್ರೂಪ್’, ‘ಎಪಿವೈ ಟಾರ್ಗೆಟ್’, ‘ಮಿಷನ್ ಮಾರ್ಚ್’ ಒಂದರ ಮೇಲೊಂದು ಹಾರಿಬಂದವು. ‘ಈ ಪುಸ್ತಕದೊಳಗೆ ಆರ್‌ಎಂ ಬರಲಿ ನೋಡೋಣ’ ಎಂದರು. ರೀಜನಲ್ ಮ್ಯಾನೇಜರು ಅಲ್ಲಿಗೆ ಬರಲಾರರು, ನಿಜ.

ಸಮಯ? ಮಾರ್ಚಿನಲ್ಲಿ ಉಸಿರಾಡಲು ಪುರುಸೊತ್ತಿಲ್ಲ ಎನ್ನುವವರೆಲ್ಲ ರಾಯರ ಕಾಲಿಗೆ ಬೀಳಬೇಕು. ಸರ್ವರ್ ಕೈಕೊಟ್ಟಿತೋ, ಶಾಖೆಯೆಲ್ಲ ಹಾಹಾಕಾರ, ರಾಯರಿಗೆ ಐದು ಪುಟ. ತಿಜೋರಿಗೆ ಇಬ್ಬರ ಕೀ ಬೇಕು. ಎರಡನೆಯವರು ಬರುವತನಕ ಎರಡು ಪುಟ. ಆದರೆ ಅವರ ಓದಿನ ನಿಜವಾದ ಕಾಮಧೇನು ಲಾಕರ್ ರೂಮು. ಗಿರಾಕಿ ಬಂದರೆ ಬ್ಯಾಂಕಿನವರು ಜೊತೆಗೆ ಹೋಗಿ ತಮ್ಮ ಮಾಸ್ಟರ್ ಕೀ ತಿರುಗಿಸಬೇಕು, ಗಿರಾಕಿ ತನ್ನ ಕೀ ತಿರುಗಿಸಬೇಕು, ಆಮೇಲೆ ಅವರನ್ನು ಒಳಗೆ ಬಿಟ್ಟು ನಾವು ಹೊರಗೆ ಬರಬೇಕು. ನಮಗೆಲ್ಲ ಇದು ಜುಲ್ಮಾನೆ. ‘ಲಾಕರ್’ ಎಂಬ ಮಾತು ಕೇಳಿದರೆ ನಾವು ಕುರ್ಚಿಯಲ್ಲಿ ಕುಗ್ಗುತ್ತಿದ್ದೆವು, ರಾಯರು ಫೈಲು ಕಂಕುಳಲ್ಲಿಟ್ಟು ಏಳುತ್ತಿದ್ದರು. ಗಿರಾಕಿಯ ಮುಖ ನೋಡಿಯೇ ಎಷ್ಟು ಪುಟವೆಂದು ಅಳೆಯುವ ವಿದ್ಯೆ ಅವರಿಗೆ ಸಿದ್ಧಿಸಿತ್ತು. ಗಂಡಸು ಒಬ್ಬನೇ ಬಂದರೆ ಒಂದೂವರೆ ಪುಟ. ಅತ್ತೆ-ಸೊಸೆ ಒಟ್ಟಿಗೆ ಬಂದರೆ ಅರ್ಧ ಅಧ್ಯಾಯ, ಮಾತಿಲ್ಲದೆ ಬಂದರೆ ಪೂರ್ತಿ. ಮಗಳ ಮದುವೆ ಗೊತ್ತಾದ ತಾಯಿ ಬಂದಳೆಂದರೆ ಬಾಗಿಲ ಬಳಿ ಕುರ್ಚಿಯನ್ನೇ ಹಾಕಿಸಿಕೊಳ್ಳುತ್ತಿದ್ದರು. ‘ನಿಧಾನ ನೋಡ್ಕೊಳ್ಳಿ ತಾಯಿ, ಎಂತ ಅವಸರವೂ ಇಲ್ಲ’ ಎಂಬ ಅವರ ಸೌಜನ್ಯಕ್ಕೆ ಗ್ರಾಹಕರ ದಿನದಂದು ಒಬ್ಬರು ಹಾರ ಹಾಕಿದ್ದೂ ಉಂಟು.

ಕೆಲಸ ಕೆಟ್ಟಿತೇ ಎಂದರೆ, ಇಲ್ಲ. ಅದೇ ನಮ್ಮ ಹೊಟ್ಟೆಯುರಿ. ಲೆಡ್ಜರಿನ ಕಾಲದಲ್ಲಿ ಒಂದು ಮಾರ್ಚ್ 31ರ ರಾತ್ರಿ ಹನ್ನೊಂದಾದರೂ ಬ್ಯಾಲೆನ್ಸ್ ಟ್ಯಾಲಿಯಾಗಲಿಲ್ಲ. 5,400 ರೂಪಾಯಿ ವ್ಯತ್ಯಾಸ. ಎಲ್ಲರ ಕಣ್ಣೂ ಕೆಂಪು. ರಾಯರು ಬೆರಳನ್ನು ಪುಟದ ನಡುವೆ ಸಿಕ್ಕಿಸಿಕೊಂಡೇ ಬಂದು ಅಂಕಿ ನೋಡಿದರು. ‘ಒಂಬತ್ತರಿಂದ ಭಾಗವಾಗ್ತದೆ. ಅಂದ್ರೆ ಅಂಕಿ ಅದಲುಬದಲು. ಹೊರಗಿನವರ ಕೆಲಸ ಅಲ್ಲ ಇದು, ಮನೆಯೊಳಗಿನವರದ್ದೇ ಕೈವಾಡ’ ಎಂದು ನಮ್ಮೊಬ್ಬೊಬ್ಬರ ಮುಖವನ್ನೂ ನಿಧಾನವಾಗಿ ದಿಟ್ಟಿಸಿದರು. 8,200 ಬರೆಯುವಲ್ಲಿ 2,800 ಬರೆದ ಪಾತಕಿ ನಾನೇ. ತಪ್ಪೊಪ್ಪಿಕೊಂಡಾಗ ಅವರ ಮುಖದಲ್ಲಿದ್ದ ತೃಪ್ತಿಯನ್ನು ಹೇಗೆ ಹೇಳಲಿ, ಬ್ಯಾಂಕಿನ ಲೆಕ್ಕ ಕೂಡಿತೆಂಬುದಲ್ಲ ಅದು.

ಇನ್ನೊಂದು ಪ್ರಕರಣ ವೀಡಿಯೊ ಕಾನ್ಫರೆನ್ಸಿನದು. ಸಂಜೆ ಆರಕ್ಕೆ ರಿಕವರಿ ಪರಿಶೀಲನೆ, ಹನ್ನೆರಡು ಶಾಖೆಗಳು ಚೌಕಚೌಕವಾಗಿ ಪರದೆ ಮೇಲೆ. ಆರ್‌ಎಂ ಸಾಹೇಬರು ದಾಸ್ತಾನಿನ ಮೇಲೆ ಓವರ್‌ಡ್ರಾಫ್ಟ್ ಪಡೆದ ವ್ಯಾಪಾರಿಯೊಬ್ಬರ ಖಾತೆ ಎತ್ತಿಕೊಂಡು, ‘ಪಾರ್ಟಿ ಒಳ್ಳೆಯವರು, ಸ್ವಲ್ಪ ಟೈಮ್ ಕೊಡೋಣ ಅನಿಸುತ್ತೆ’ ಎನ್ನುತ್ತಿದ್ದರು. ರಾಯರ ಮೈಕು ಬಂದ್ ಆಗಿರಲಿಲ್ಲ. ಮೇಜಿನ ಕೆಳಗೆ ಅವರ ಕಾದಂಬರಿ ಎಲ್ಲಿಗೆ ಬಂದಿತ್ತೋ, ‘ಅಯ್ಯೋ ಮಂಕೇ, ಗೋದಾಮಿನ ಬಾಗಿಲು ತೆಗೆಸಿ ನೋಡೋ! ಒಳಗೆ ಎಂತದೂ ಇಲ್ಲ!’ ಎಂದು ಗಟ್ಟಿಯಾಗಿ ಅಂದುಬಿಟ್ಟರು.

ಹನ್ನೆರಡೂ ಚೌಕ ಸ್ತಬ್ಧ. ನಮ್ಮ ಮ್ಯಾನೇಜರು ಕಣ್ಣು ಮುಚ್ಚಿಕೊಂಡರು. ಬಹಳ ಹೊತ್ತಿನ ಮೇಲೆ ಆರ್‌ಎಂ, ‘ಶಿವಮೊಗ್ಗದವರು ಹೇಳೋದ್ರಲ್ಲಿ ಪಾಯಿಂಟ್ ಇದೆ’ ಎಂದರು. ಮಾರನೇ ದಿನ ಗೋದಾಮು ತೆಗೆಸಿದರು. ಮುಂದಿನ ಸಾಲಿನ ಚೀಲಗಳಲ್ಲಿ ಚೊಕ್ಕ ಕೆಂಪಡಿಕೆ, ಹಿಂದಿನದರಲ್ಲೆಲ್ಲ ಬರೀ ಸಿಪ್ಪೆ. ರಾಯರಿಗೆ ಪ್ರಶಂಸಾಪತ್ರ ಬಂತು. ಒಳ್ಳೇ ದಪ್ಪ ಕಾಗದ. ನಾಲ್ಕಾಗಿ ಮಡಿಸಿ ಪುಟಕ್ಕೆ ಗುರುತಿಡಲು ಬಳಸಿಕೊಂಡರು.

ಪಿ.ಜಿ. ವುಡ್‌ಹೌಸ್ 1900ರಿಂದ 1902ರವರೆಗೆ ಲಂಡನ್ನಿನಲ್ಲಿ ಹಾಂಕಾಂಗ್ ಅಂಡ್ ಶಾಂಘೈ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ, ಬಿಟ್ಟು ಹೋಗಿ ಜಗತ್ತನ್ನೇ ನಗಿಸಿದ ಎಂದು ನಾನು ಎಲ್ಲೋ ಓದಿ ಅವರಿಗೆ ಹೇಳಿದೆ. ‘ಎರಡೇ ವರ್ಷವಾ?’ ಎಂದು ತುಸು ಕನಿಕರದಿಂದ ಕೇಳಿದರು. ‘ಪಾಪ, ನಾಲ್ಕು ಕ್ಲೋಸಿಂಗನ್ನೂ ಸರಿಯಾಗಿ ಕಂಡಿಲ್ಲ.’ ನಮ್ಮವರೇ ಆದ ಡುಂಡಿರಾಜರು ಬ್ಯಾಂಕಿನಲ್ಲಿ ಕೂತೇ ಹನಿಗವನ ಬರೆದರು ಎಂದೆ. ‘ಅದು ಬರೆಯುವವರ ಮಾತು. ಓದುವವನ ಕಷ್ಟ ಬೇರೆ. ಬರೆಯೋನು ಮುಗಿಸಬೇಕು ಅಂದಾಗ ಮುಗಿಸ್ತಾನೆ.’

ಈ ಮಾತಿನಲ್ಲಿ ಅವರ ಬದುಕಿನ ಗುಟ್ಟೇ ಇತ್ತು. ಮೂವತ್ತೈದು ಮಾರ್ಚುಗಳಲ್ಲಿ ರಾಯರು ನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಹಿಡಿದಿರಬೇಕು. ಅರ್ಧಕ್ಕರ್ಧ ಪೂರ್ತಿಯಾಗಿಲ್ಲ. 31ರ ರಾತ್ರಿ ಕ್ಲೋಸಿಂಗ್ ಮುಗಿಯುವ ಹೊತ್ತಿಗೆ ಕೊಲೆಗಾರ ಇನ್ನೇನು ಸಿಕ್ಕಿದ ಎಂಬಲ್ಲಿಗೆ ಬಂದಿರುತ್ತಿತ್ತು. ಏಪ್ರಿಲ್ 1, ವಾರ್ಷಿಕ ಲೆಕ್ಕದ ದಿನ, ಸಾರ್ವಜನಿಕರಿಗೆ ಬಾಗಿಲಿಲ್ಲ, ನಿಶ್ಶಬ್ದ. ರಾಯರು ಪುಸ್ತಕ ಬಿಚ್ಚುತ್ತಿದ್ದರು, ಎರಡು ಸಾಲಿಗೆ ಗೊರಕೆ. ಯಾರೂ ಕೂಗದ ಕಡೆ, ಯಾರೂ ಹುಡುಕಿಕೊಂಡು ಬರದ ಕಡೆ, ಅವರ ಕಣ್ಣಿಗೆ ಅಕ್ಷರ ಹತ್ತುತ್ತಿರಲಿಲ್ಲ. ಪುಸ್ತಕ ಬೀರುವಿಗೆ ಹೋಗುತ್ತಿತ್ತು. ಜುಲೈ ಹೊತ್ತಿಗೆ, ‘ತೊಂಬತ್ತು ದಿನ ಆಯ್ತು. ಈ ಕೊಲೆಯೂ ಎನ್‌ಪಿಎ’ ಎಂದು ಲೊಚಗುಟ್ಟುತ್ತಿದ್ದರು. ಮುಂದಿನ ಮಾರ್ಚಿಗೆ ಹೊಸ ಪುಸ್ತಕ ಬಂದಿರುತ್ತಿತ್ತು, ಹಳೆಯದು ಬಾಕಿ ಮುಂದಕ್ಕೆ. ಬ್ಯಾಂಕಿನ ಸಸ್ಪೆನ್ಸ್ ಖಾತೆಯನ್ನು ಪ್ರತಿ ವರ್ಷ ಸೊನ್ನೆಗೆ ತಂದ ಮನುಷ್ಯ ತನ್ನ ಸ್ವಂತದ್ದನ್ನು ಗುಡ್ಡೆ ಹಾಕುತ್ತಲೇ ಹೋದರು. ಅವುಗಳಲ್ಲಿ ಅವರನ್ನು ಹೆಚ್ಚು ಕಾಡಿದ್ದು 1996ರ ಬಾಕಿ: ಕಾಫಿ ಎಸ್ಟೇಟಿನಲ್ಲಿ ಸಾಹುಕಾರನ ಕೊಲೆ, ರಟ್ಟೂ ಹೆಸರೂ ಇಲ್ಲದ ಪುಸ್ತಕ. ಎಸ್ಟೇಟ್ ಮ್ಯಾನೇಜರೇ ಕೊಂದದ್ದೆಂದು ಅವರ ದೃಢ ನಂಬಿಕೆ. ಸೇವಾನುಭವದಿಂದ ಬಂದ ನಂಬಿಕೆ ಅದು.

ಒತ್ತಡ ನಿರ್ವಹಣೆಯ ಆನ್‌ಲೈನ್ ತರಬೇತಿಯನ್ನು ಮಾರ್ಚ್ 28ರೊಳಗೆ ಮುಗಿಸಲೇಬೇಕು, ತಪ್ಪಿದರೆ ವಿವರಣೆ ಕೇಳಲಾಗುವುದು ಎಂದು ಒಂದು ವರ್ಷ ಆದೇಶ ಬಂದಿತ್ತು. ನಾವು ಏದುಸಿರು ಬಿಡುತ್ತಾ ದೀರ್ಘವಾಗಿ ಉಸಿರೆಳೆಯುವುದನ್ನು ಕಲಿತೆವು. ರಾಯರು ವೀಡಿಯೊ ಓಡಲು ಬಿಟ್ಟು, ಕೆಳಗೆ ಒಂದು ಹೆಣ ಪತ್ತೆ ಮಾಡಿದರು. ಸರ್ಟಿಫಿಕೇಟು ಎಲ್ಲರಿಗೂ ಬಂತು.

ಹುಟ್ಟಿದ್ದು ಮಾರ್ಚಿನಲ್ಲಾದ್ದರಿಂದ ನಿವೃತ್ತಿಯೂ 2023ರ ಮಾರ್ಚ್ 31ಕ್ಕೇ ಬಿತ್ತು. ಬೀಳ್ಕೊಡುಗೆಗೆ ಯಾರಿಗೆ ಪುರುಸೊತ್ತು? ರಾತ್ರಿ ಹತ್ತೂವರೆಗೆ ಶಾಲು, ಹಾರ, ತಣ್ಣಗಾದ ಮಸಾಲೆದೋಸೆ. ಇನ್ನು ಮನೆಯಲ್ಲಿ ಕೂತು ಆರಾಮಾಗಿ ಓದಿ ಸಾರ್ ಎಂದು ಎಲ್ಲರೂ ಹರಸಿದರು. ರಾಯರು ಅಳುವ ಹಾಗೆ ನಕ್ಕರು.

ಅವರನ್ನು ಮತ್ತೆ ಕಂಡದ್ದು 2024ರ ಮಾರ್ಚ್ 30, ಶನಿವಾರ. ಹಿಂದಿನ ದಿನ ಗುಡ್ ಫ್ರೈಡೇ ರಜೆ, ಮರುದಿನ ಭಾನುವಾರವಾದರೂ ಸರ್ಕಾರಿ ವ್ಯವಹಾರಕ್ಕೆ ಶಾಖೆ ತೆರೆಯಬೇಕೆಂದು ರಿಸರ್ವ್ ಬ್ಯಾಂಕು ಹೇಳಿತ್ತು. ಅಂದು ಜನ ಜಾತ್ರೆಗೆ ನೆರೆದಂತೆ ನೆರೆದಿದ್ದರು. ರಾಯರು ಬಿಳಿ ಅಂಗಿ ಹಾಕಿ, ಕೈಯಲ್ಲಿ ಟೋಕನ್ ಹಿಡಿದು ಬೆಂಚಿನ ಮೇಲೆ ಕೂತು ಗದ್ದಲವನ್ನು ಮೂಗರಳಿಸಿ ಸವಿಯುತ್ತಿದ್ದರು.

‘ಲಾಕರ್ ಸ್ವಲ್ಪ ಆಪರೇಟ್ ಮಾಡಬೇಕಿತ್ತು ಮಾರಾಯ.’

‘ಇವತ್ತೇನಾ ಸಾರ್? ಸೋಮವಾರ ಕಳೆದು ಬನ್ನಿ.’

‘ಸೋಮವಾರ ಏಪ್ರಿಲ್’ ಎಂದರು.

ಮಾಸ್ಟರ್ ಕೀ ಹಿಡಿದು ಹೋದೆ. ಇಬ್ಬರೂ ಕೀ ತಿರುಗಿಸಿದೆವು. ಬಾಗಿಲು ತೆರೆದಾಗ ಬಂಗಾರದ ಡಬ್ಬಿ ಕಾಣಲಿಲ್ಲ. ಖಾಕಿ ರಟ್ಟಿನ ‘ಸರ್ಕ್ಯುಲರ್ ಫೈಲು’ಗಳು ಒತ್ತೊತ್ತಾಗಿ ತುಂಬಿದ್ದವು. ಮನೆಯವರು ರದ್ದಿಗೆ ಹಾಕುವುದಾಗಿ ಹೆದರಿಸಿದ್ದರಂತೆ. ಒಂದನ್ನು ಎಳೆದುಕೊಂಡು, ‘ನೀನು ಹೊರಗಿರು’ ಎಂದರು, ನಿಯಮದ ಪ್ರಕಾರವೇ.

ಹೊರಗೆ ಮೂವತ್ತೆರಡು ಬೆಳೆಸಾಲದ ಅರ್ಜಿ ನನ್ನ ಮೇಜಿನ ಮೇಲಿದ್ದವು. ಒಳಗೆ ಪುಟ ಮಗುಚುವ ಸದ್ದು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಅಷ್ಟರಲ್ಲಿ ಮ್ಯಾನೇಜರ್ ಮೇಡಂ ಬೆವರೊರೆಸಿಕೊಳ್ಳುತ್ತಾ ಬಂದರು. ‘ಎಲ್ಲಿದ್ದೀರ್ರೀ? ರೀಜನಲ್ ಆಫೀಸು ಲೈನಲ್ಲಿದೆ. ಒಳಗೆ ಯಾರು?’

ನಾನು ಬಾಯಿ ತೆರೆಯುವ ಮುನ್ನ ಒಳಗಿನಿಂದ ದೊಡ್ಡ ದನಿ ಕೇಳಿತು:

‘ಮ್ಯಾನೇಜರ್ ಅಲ್ಲವೋ ಮಾರಾಯ! ಇಪ್ಪತ್ತೆಂಟು ವರ್ಷ ಸುಮ್ಮನೆ ಅನುಮಾನಪಟ್ಟೆ, ಪಾಪ!’

ಮೇಡಂ ನನ್ನ ಮುಖ ನೋಡಿದರು. ನಾನು ಲಾಕರ್ ರಿಜಿಸ್ಟರಿನಲ್ಲಿ ‘ಹೊರಬಂದ ವೇಳೆ’ ಎಂಬ ಕಾಲಂ ಮೇಲೆ ಪೆನ್ನು ಇಟ್ಟುಕೊಂಡು ಕಾದೆ. ಒಳಗೆ ಇನ್ನೊಂದು ಖಾಕಿ ರಟ್ಟು ಕಿರುಗುಟ್ಟಿತು.