ಬೆಳಗಲಿ ಶ್ರವಣಶಾಸ್ತ್ರ ಅಥವಾ ಹೊಸ ಹಾಡು ಸಿಗುವ ಬಗೆಗಳ ವರ್ಗೀಕರಣ

ಪ್ರಸ್ತಾವನೆ

ಶಾಸ್ತ್ರ ಬರೆಯಲು ಹೊರಟವನು ಮೊದಲು ತನ್ನ ಅಧಿಕಾರ ಏನೆಂದು ಹೇಳಬೇಕು. ನನ್ನದು ಇಷ್ಟು: ರನ್ನ ಬೆಳಗಲಿಯಲ್ಲಿ ರಸ್ತೆಗೆ ಹತ್ತಿದ ಮನೆ, ಮುಚ್ಚಲು ಬಾರದ ಎರಡು ಕಿವಿ, ಕಬ್ಬಿನ ಹಂಗಾಮಿನಲ್ಲಿ ನಿದ್ದೆಗೆಟ್ಟ ಹಲವು ರಾತ್ರಿ.

ಪೂರ್ವಸೂರಿಗಳನ್ನು ನೆನೆಯುವುದೂ ಕ್ರಮ. ಈ ಸೀಮೆಯ ಬಳೆಗಾರರ ಮನೆಯ ಹುಡುಗ ರನ್ನ ಸಾವಿರ ವರ್ಷದ ಹಿಂದೆ, ಸರಸ್ವತಿಯ ಭಂಡಾರದ ಮುದ್ರೆ ಒಡೆದವನು ತಾನೇ ಎಂದು ಸಂಕೋಚವಿಲ್ಲದೆ ಹೇಳಿಕೊಂಡ. ಹೊಸ ಕ್ಯಾಸೆಟ್ಟಿನ ಮೇಲಿನ ತೆಳು ಪ್ಲಾಸ್ಟಿಕ್ಕನ್ನು ಉಗುರಿನಿಂದ ಸೀಳಿದವರಿಗೆ ಆ ಗರ್ವ ಎಂಥದೆಂದು ಗೊತ್ತು. ಅವನಿಂದ ನಮಗೆ ಬಂದ ಇನ್ನೊಂದು ಆಸ್ತಿ ಸಿಂಹಾವಲೋಕನ. ಗದಾಯುದ್ಧದ ಕಡೆಯ ದಿನದ ಕಥೆ ಹೇಳುತ್ತಲೇ, ನಡೆವ ಸಿಂಹ ಕತ್ತು ತಿರುಗಿಸಿ ನೋಡಿದಂತೆ, ಅವನು ಇಡೀ ಭಾರತವನ್ನು ಹಿಂದಿರುಗಿ ನೋಡಿದ. ಈ ಗ್ರಂಥಕ್ಕೂ ಅದೇ ಕ್ರಮ. ಕಾರಣ ಸಿದ್ಧಾಂತ ಭಾಗದಲ್ಲಿ ತಿಳಿಯುತ್ತದೆ, ನಡುವೆ ಕೇಳಬಾರದು.

ಸಂಜ್ಞಾ ಪ್ರಕರಣ

ಸೂತ್ರ 1: ಖಾನೆ ಸಿಗದ್ದು ವಿಶ್ವಸಂಗೀತ.

ವೃತ್ತಿ: 1987ರ ಬೇಸಿಗೆಯಲ್ಲಿ ಲಂಡನ್ನಿನ ‘ಎಂಪ್ರೆಸ್ ಆಫ್ ರಷ್ಯಾ’ ಎಂಬ ಪಬ್ಬಿನಲ್ಲಿ ಸಣ್ಣಪುಟ್ಟ ರೆಕಾರ್ಡ್ ಕಂಪನಿಗಳವರು ಕೂಡಿದರು. ಅವರ ಸಂಕಟ ತತ್ತ್ವಜ್ಞಾನದ್ದಲ್ಲ, ಕಿರಾಣಿ ಅಂಗಡಿಯದು. ಆಫ್ರಿಕಾದ, ಏಷ್ಯಾದ ರೆಕಾರ್ಡುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಅಂಗಡಿಯವರು ಮೂಲೆಗೆ ತಳ್ಳುತ್ತಿದ್ದರು. ಖಾನೆಯ ಮೇಲೆ ಹಚ್ಚಲು ಒಂದು ಚೀಟಿ ಬೇಕಿತ್ತು. ಅದರ ಮೇಲೆ ‘ವರ್ಲ್ಡ್ ಮ್ಯೂಸಿಕ್’ ಎಂದು ಬರೆಯುವುದೆಂದಾಯಿತು. ಸಾವಿರಾರು ವರ್ಷದ ಹಾಡುಗಳಿಗೆ ಒಂದೇ ಸಂಜೆಯಲ್ಲಿ ನಾಮಕರಣ. ಈ ಕೆಲಸವನ್ನು ನಮ್ಮ ಮತಂಗ ಮುನಿ ‘ಬೃಹದ್ದೇಶೀ’ಯಲ್ಲಿ ಬಹಳ ಹಿಂದೆಯೇ ಮಾಡಿ ಮುಗಿಸಿದ್ದ. ಹೆಂಗಸರು, ಮಕ್ಕಳು, ದನ ಕಾಯುವವರು, ಅರಸರು ತಂತಮ್ಮ ನಾಡಿನಲ್ಲಿ ಮನಸ್ಸು ಬಂದಂತೆ ಹಾಡಿಕೊಳ್ಳುವುದೆಲ್ಲ ದೇಶೀ ಎಂದ. ವ್ಯತ್ಯಾಸ ಇಷ್ಟೆ: ಲಂಡನ್ನಿನವರ ಪ್ರಕಾರ ದೂರದವರು ಹಾಡಿದ್ದು ವಿಶ್ವಸಂಗೀತ, ಮತಂಗನ ಪ್ರಕಾರ ಎಲ್ಲರೂ ಹಾಡುವುದು ದೇಶೀ. ಬೆಳಗಲಿಯಿಂದ ನೋಡಿದರೆ ಲಂಡನ್ನೂ ದೂರವೇ.

ಸೂತ್ರ 2: ಸಮ ಗಟ್ಟಿಯಾದರೆ ಫಂಕ್.

ವೃತ್ತಿ: ಈ ಪದಕ್ಕೆ ಮೂಲದಲ್ಲಿ ಬೆವರಿನ ನಾತವೆಂಬ ಅರ್ಥ ಉಂಟು. ಜೇಮ್ಸ್ ಬ್ರೌನ್ 1967ರಲ್ಲಿ ಹೊರತಂದ ಹಾಡಿಗೆ ‘ಕೋಲ್ಡ್ ಸ್ವೆಟ್’ ಎಂದೇ ಹೆಸರು, ಅಂದರೆ ತಣ್ಣನೆಯ ಬೆವರು. ಆತ ತನ್ನ ಮೇಳದವರಿಗೆ ಮತ್ತೆ ಮತ್ತೆ ಹೇಳಿದ್ದು ಒಂದೇ: ಏನಾದರೂ ಬಾರಿಸಿ, ಆವರ್ತದ ಮೊದಲ ಪೆಟ್ಟಿಗೆ ಎಲ್ಲರೂ ಒಟ್ಟಿಗೆ ಬಂದು ಬೀಳಿ. ಆ ಪೆಟ್ಟಿಗೆ ಅವರು ‘ದಿ ಒನ್’ ಎಂದರು, ನಾವು ‘ಸಮ’ ಎನ್ನುತ್ತೇವೆ. ಅಮಾವಾಸ್ಯೆ ಭಜನೆಯಲ್ಲಿ ದಪ್ಪು, ತಾಳ, ಪೇಟಿ ಮೂರೂ ಒಂದೇ ಜಾಗಕ್ಕೆ ಬಂದು ಬಿದ್ದಾಗ ನಿದ್ದೆಗಣ್ಣಿನ ಹಿರಿಯರ ತಲೆಯೂ ತಾನಾಗಿ ಆಡುತ್ತದಲ್ಲ, ಅದೇ ಸ್ಥಾನ.

ಸೂತ್ರ 3: ಫೀಲಿಂಗ್ ಇದ್ದರೆ ಸೋಲ್.

ವೃತ್ತಿ: ಅನುವಾದಕರು ಸೋಲ್ ಎಂದರೆ ಆತ್ಮಸಂಗೀತವೆಂದು ಬರೆದು ಓದುಗರನ್ನು ಹೆದರಿಸುತ್ತಾರೆ. ನಮ್ಮ ಕಡೆ ಅದಕ್ಕೆ ಸಿದ್ಧಪದವಿದೆ: ಫೀಲಿಂಗ್ ಸಾಂಗ್. ಸೋಲ್ ಹುಟ್ಟಿದ್ದು ಅಮೆರಿಕದ ಕರಿಯರ ಚರ್ಚುಗಳಲ್ಲಿ. ಅರೀಥಾ ಫ್ರಾಂಕ್ಲಿನ್ ಪಾದ್ರಿಯ ಮಗಳು. ರೇ ಚಾರ್ಲ್ಸ್ ಪ್ರಾರ್ಥನೆಯ ಧಾಟಿಯನ್ನೇ ಎತ್ತಿ ಪ್ರೇಮಕ್ಕೆ ಹಚ್ಚಿದಾಗ ಭಕ್ತರು ಸಿಟ್ಟಾದರು. ಶಿಶುನಾಳದ ಷರೀಫರು ನಡೆದದ್ದು ಎದುರು ದಿಕ್ಕಿಗೆ. ಮನೆ, ಗಂಡ, ಜಗಳ, ಕಡೆಗೆ ಗಿರಣಿಯನ್ನೂ ಬಿಡದೆ ಎಲ್ಲವನ್ನೂ ದೇವರ ಕಡೆ ತಿರುಗಿಸಿದರು. ದೇವರ ಧಾಟಿಯನ್ನು ಹುಡುಗಿಗೆ ಕೊಟ್ಟರೆ ಸೋಲ್, ಹುಡುಗಿಯ ಮಾತನ್ನು ದೇವರಿಗೆ ಕೊಟ್ಟರೆ ತತ್ವಪದ. ದಾರಿ ಒಂದೇ, ಬಸ್ಸು ಬೇರೆ.

ಸೂತ್ರ 4: ನಡುವೆ ಎದ್ದು ಹೋಗಲಾಗದ್ದು ಆಲ್ಬಂ.

ವೃತ್ತಿ: 1948ರಲ್ಲಿ ಲಾಂಗ್‌ಪ್ಲೇ ತಟ್ಟೆ ಬಂದ ಮೇಲೆ ಒಂದೊಂದು ಬದಿಗೆ ಇಪ್ಪತ್ತು ಚಿಲ್ಲರೆ ನಿಮಿಷ ಸಿಕ್ಕಿತು, ಹಾಡುಗಳನ್ನು ಸಾಲಾಗಿ ಕೂರಿಸುವ ಕಲೆ ಹುಟ್ಟಿತು. ಆ ಕಲೆ ನಮಗೆ ಹೊಸದಲ್ಲ. ಕುಲಗೋಡ ತಮ್ಮಣ್ಣ ಬೆಳೆಸಿದ, ಕೌಜಲಗಿ ನಿಂಗಮ್ಮ ಮೆರೆಸಿದ ಶ್ರೀಕೃಷ್ಣ ಪಾರಿಜಾತದ ಆಟವೂ ಒಂದು ಆಲ್ಬಂ. ಒಂದೇ ಬದಿ, ಇಡೀ ರಾತ್ರಿ. ಕೊರವಂಜಿ ಬರುವವರೆಗೆ ಕಾಯಲೇಬೇಕು, ಮುಂದಕ್ಕೆ ಓಡಿಸುವ ಗುಂಡಿ ಇಲ್ಲ.

ವಾಹನ ಪ್ರಕರಣ

ಹಾಡನ್ನು ಅದರ ನಾಡಿನಿಂದ ವಿಂಗಡಿಸುವವನು ಅಂಗಡಿಕಾರ. ಕೇಳುವವನಿಗೆ ನೆನಪಿರುವುದು ಹಾಡು ಯಾವ ವಾಹನ ಹತ್ತಿ ಬಂತು ಎಂಬುದು. ಈ ದೃಷ್ಟಿಯಿಂದ ಐದು ಪ್ರಭೇದ.

ಒಂದು, ತಟ್ಟೆಯಾಗತ. ಅರಗಿನ ತಟ್ಟೆಯ ಮೇಲೆ ಸೂಜಿ ಕೂತು ಮೂರು ಚಿಲ್ಲರೆ ನಿಮಿಷದಲ್ಲಿ ಮುಗಿದುಹೋಗುವ ವರ್ಗ. ಅವಧಿ ಚಿಕ್ಕದು, ಪರಿಣಾಮ ದೊಡ್ಡದು. ಹುಡುಗಿಯಾಗಿದ್ದ ಗಂಗೂಬಾಯಿ ಹಾನಗಲ್ ಗ್ರಾಮಫೋನ್ ಸದ್ದು ಕೇಳಿದರೆ ಬೀದಿಗೆ ಓಡುತ್ತಿದ್ದರು. ಗದುಗಿನ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಠುಮ್ರಿಯ ತಟ್ಟೆ ಕೇಳಿದವರು, 1933ರಲ್ಲಿ ಹನ್ನೊಂದರ ವಯಸ್ಸಿಗೆ ಗುರುವನ್ನು ಹುಡುಕಿ ಮನೆ ಬಿಟ್ಟೇಬಿಟ್ಟರು. ಹೊಸ ಹಾಡು ಸಿಕ್ಕಿದ್ದಕ್ಕೆ ಕೊಡಬಹುದಾದ ಪೂರ್ತಿ ಬೆಲೆ ಅದು. ಉಳಿದವರೆಲ್ಲ ಕಂತು ಕಟ್ಟುತ್ತಿದ್ದೇವೆ. ತಟ್ಟೆ ಹತ್ತಿ ಊರಿಂದ ಹೊರಗೆ ಹೋದವರೂ ಇದ್ದಾರೆ. ಪಕ್ಕದ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಮುಂಬೈಗೆ ಹೋಗಿ 1943ರ ‘ಕಿಸ್ಮತ್’ ಚಿತ್ರಕ್ಕೆ ಹಾಡಿದರು. ಕಲ್ಕತ್ತೆಯ ಒಂದೇ ಟಾಕೀಸಿನಲ್ಲಿ ಅದು ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಅಷ್ಟು ಕಾಲ ಕಲ್ಕತ್ತೆಯವರ ಪಾಲಿಗೆ ಬೀಳಗಿಯೇ ವಿಶ್ವಸಂಗೀತ.

ಎರಡು, ಗಾಳಿಯಾಗತ. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾದ ಮೇಲೆ ಬಂದ ವರ್ಗ. ಲಕ್ಷಣ: ನೀವು ಕೇಳಿದ್ದು ಬರುವುದಿಲ್ಲ, ಬಂದದ್ದನ್ನು ಕೇಳಬೇಕು. ರಬಕವಿ-ಬನಹಟ್ಟಿಯ ಮಗ್ಗಗಳ ಖಟಖಟ ಇದರ ಉಪಾಂಗ. ಮಗ್ಗದ ಮನೆಯಲ್ಲಿ ರೇಡಿಯೊ ಹಚ್ಚಿದರೆ ಯಾವ ರಾಗವೂ ಮಗ್ಗದ ತಾಳಕ್ಕೇ ಕುಣಿಯಬೇಕು. ನನ್ನ ಸೋದರಮಾವ ಬನಹಟ್ಟಿಯವನು. ಕರೆಂಟು ಹೋಗಿ ಮಗ್ಗ ನಿಂತಾಗ ಸೆಲ್ಲಿನ ರೇಡಿಯೊದ ಹಾಡು ‘ಬರೇ ಮೈಲೆ’ ಕೇಳಿಸುತ್ತದೆ ಎಂದು ನಾಚುತ್ತಿದ್ದ.

ಮೂರು, ರೀಲಾಗತ, ಅಂದರೆ ಕ್ಯಾಸೆಟ್. ಪೆನ್ಸಿಲ್ ತೂರಿಸಿ ಸುತ್ತಿದರೆ ಬದುಕುವ, ಬಿಸಿಲಿಗಿಟ್ಟರೆ ಸಾಯುವ ಜೀವಿ. ತೊಂಬತ್ತು ನಿಮಿಷದ ಖಾಲಿ ಕ್ಯಾಸೆಟ್ಟು, ಚೀಟಿಯಲ್ಲಿ ಬರೆದ ಹಾಡಿನ ಪಟ್ಟಿ ಎರಡನ್ನೂ ಅಂಗಡಿಯವನಿಗೆ ಕೊಟ್ಟು ಬಂದರೆ ವಾರಕ್ಕೆ ಭರ್ತಿಯಾಗಿ ಸಿಗುತ್ತಿತ್ತು. ನನ್ನ ಮೊದಲ ವಿದೇಶಿ ಶೋಧ ಹೀಗಾದದ್ದು. ಭಕ್ತಿಗೀತೆಯ ಪಟ್ಟಿ ಕೊಟ್ಟಿದ್ದೆ. ಕೊನೆಯಲ್ಲಿ ನಾಲ್ಕು ನಿಮಿಷ ಖಾಲಿ ಉಳಿಯಿತೆಂದು ಅಂಗಡಿಯ ಪುಣ್ಯಾತ್ಮ ಯಾವುದೋ ಇಂಗ್ಲಿಷ್ ಹಾಡು ತುಂಬಿದ್ದ. ಅವ್ವ ಎರಡು ವರ್ಷ ಅದನ್ನೂ ದೇವರ ಹಾಡೆಂದೇ ಕೇಳಿದಳು. ಹಾಡಿದವಳ ದನಿಯಲ್ಲಿ ಅಂಥದ್ದೇನೋ ಇದ್ದಿರಬೇಕು. ಇದನ್ನು ಸೂತ್ರ 3ಕ್ಕೆ ಸಾಕ್ಷಿಯಾಗಿ ಸಲ್ಲಿಸುತ್ತೇನೆ.

ನಾಲ್ಕು, ಕಾರ್ಡಾಗತ. ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸುವುದು. ಇಲ್ಲಿಯ ಸಂವಾದ ಸ್ಥಿರಪಾಠ: ‘ಯಾವ್ ಹಾಡ್ ಹಾಕ್ಲ್ರಿ?’ ‘ಎಲ್ಲಾ ಹಾಕ್ರಿ.’ ಜಗತ್ತಿನ ಸಂಗೀತವನ್ನು ಇಷ್ಟು ಉದಾರವಾಗಿ ಬರಮಾಡಿಕೊಂಡ ಮಾತು ಬೇರೆ ಶಾಸ್ತ್ರಗಳಲ್ಲಿ ಕಾಣೆ. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರಕ್ಕೆ ರಾಜ್‌ಕುಮಾರ್ ಇಂಗ್ಲಿಷಿನಲ್ಲಿ ಹಾಡಿದ ‘ಇಫ್ ಯು ಕಮ್ ಟುಡೇ’ ನನಗೆ ಸಿಕ್ಕಿದ್ದು ಡೊಳ್ಳಿನ ಪದ ಮತ್ತು ಹಲ್ಲುಪುಡಿಯ ಜಾಹೀರಾತಿನ ನಡುವೆ.

ಐದು, ಟ್ರ್ಯಾಕ್ಟರಾಗತ. ಇದು ಈ ಸೀಮೆಯ ವಿಶೇಷ, ತುಸು ನಿಲ್ಲೋಣ. ಘಟಪ್ರಭೆಯ ನೀರು ಕಬ್ಬಾಗುತ್ತದೆ, ಕಬ್ಬು ಮುಧೋಳ, ಸಮೀರವಾಡಿಯ ಕಾರ್ಖಾನೆಗಳಿಗೆ ಹೋಗುತ್ತದೆ. ರಾತ್ರಿ ಎರಡು ಗಂಟೆ. ಮೊದಲು ಕೇಳುವುದು ಇಂಜಿನ್ನಲ್ಲ. ಮಾಡದಲ್ಲಿ ಇಟ್ಟ ಸ್ಟೀಲ್ ಲೋಟ ಪಕ್ಕದ ಲೋಟಕ್ಕೆ ತಾಗಿ ಸಣ್ಣಗೆ ನಡುಗುತ್ತದೆ. ಆಮೇಲೆ ಕಿಟಕಿಯ ತಗಡು. ಆಮೇಲೆ ಎದೆಗೂಡು. ಕಿವಿಗೆ ಸರದಿ ಬರುವುದು ಕೊನೆಗೆ. ಎರಡು ಟ್ರೇಲರ್ ಕಬ್ಬು, ಡ್ರೈವರ್ ತಲೆಯ ಮೇಲೆ ಮಿಣಮಿಣ ಲೈಟು, ಬೆನ್ನಿಗೆ ಆಳೆತ್ತರದ ಬಾಕ್ಸು, ಅದರೊಳಗಿಂದ ಡ್ರೈವರನೊಬ್ಬನ ಪ್ರೇಮಭಂಗದ ಜಾನಪದ. ಹಾಡು ಪೂರ್ತಿ ಕೇಳುವುದಿಲ್ಲ. ಒಂದು ನುಡಿ ಹತ್ತಿರ ಬಂದು, ಅರ್ಧ ನುಡಿ ದೂರ ಹೋಗುತ್ತದೆ. ಉಳಿದರ್ಧ ಹಿಂದಿನ ಟ್ರ್ಯಾಕ್ಟರಿನಲ್ಲಿ ಬೇರೆ ಹಾಡಿನದು. ಶಾರ್ಙ್ಗದೇವನ ‘ಸಂಗೀತ ರತ್ನಾಕರ’ದಲ್ಲಿ ವಾದ್ಯ ನಾಲ್ಕು ಬಗೆ: ತತ, ಸುಷಿರ, ಅವನದ್ಧ, ಘನ. ತಂತಿ, ಗಾಳಿ, ಚರ್ಮ, ಕಂಚು. ಲೋಟ ನಡುಗಿಸುವ ಈ ಐದನೆಯದನ್ನು ಊಫರ ಎಂದು ಸೇರಿಸಲು ಪಂಡಿತರಲ್ಲಿ ಅರಿಕೆ.

(ಫೋನಿನ ಯಂತ್ರ ‘ನಿಮಗೆ ಇದೂ ಹಿಡಿಸಬಹುದು’ ಎಂದು ತಂದುಕೊಡುವ ಹಾಡುಗಳನ್ನು ಎಣಿಸಿಲ್ಲ. ನಿನ್ನೆಯ ಸಾರನ್ನೇ ಇಂದು ಬಿಸಿ ಮಾಡಿ ಬಡಿಸಿದರೆ ಅದು ಹೊಸ ಅಡಿಗೆಯಲ್ಲ.)

ಶ್ರೋತೃ ಪ್ರಕರಣ

ಕೇಳುವವರು ಮೂರು ತೆರ. ಪೂರ್ವಶ್ರುತರು: ಯಾವ ಹಾಡು ಹಾಕಿದರೂ ‘ಇದ ನಾ ಯಾವಾಗೋ ಕೇಳೇನಿ’ ಎನ್ನುವವರು. ಲವಶ್ರುತರು: ಹದಿನೈದು ಸೆಕೆಂಡಿಗೇ ಮುಂದಿನ ಹಾಡಿಗೆ ಹಾರುವವರು, ಇವರಿಗೆ ಪಾರಿಜಾತದ ಕೊರವಂಜಿ ಇಂದಿಗೂ ದರ್ಶನ ಕೊಟ್ಟಿಲ್ಲ. ಅನಾಮಶ್ರುತರು: ಹಾಡಿದವರ ಹೆಸರು, ದೇಶ, ಭಾಷೆ ಒಂದೂ ಗೊತ್ತಿಲ್ಲದೆ ಬಾಯಿಪಾಠ ಮಾಡಿಕೊಂಡವರು. ಅವ್ವ ಮೂರನೆಯ ವರ್ಗ. ಶಾಸ್ತ್ರ ಇರುವುದು ಮೊದಲನೆಯವರಿಗೆ, ಹಾಡು ಇರುವುದು ಮೂರನೆಯವರಿಗೆ.

ಪೂರ್ವಪಕ್ಷ

ಇಲ್ಲಿ ವಾದಿ ಎದ್ದು ಕೇಳುತ್ತಾನೆ: ಬೆಳಗಲಿಗೂ ಫಂಕಿಗೂ ಏನು ಸಂಬಂಧ? ನಮ್ಮದು ನಮಗೆ ಸಾಕಲ್ಲವೆ?

ಉತ್ತರ: ಯಾವುದು ನಮ್ಮದು? ಭಜನೆಯ ಪೇಟಿ, ಅಂದರೆ ಹಾರ್ಮೋನಿಯಂ, 1842ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟು ಪಡೆದದ್ದು. ಅದು ಪರದೇಶಿಯೆಂದು ಆಕಾಶವಾಣಿ 1940ರಿಂದ ಮೂರು ದಶಕ ಅದನ್ನು ಹೊರಗಿಟ್ಟಿತು. ಅಷ್ಟೂ ದಿನ ಪಾರಿಜಾತದ ಅಟ್ಟದ ಮೇಲೆ ಪೇಟಿಯವನು ನಿಶ್ಚಿಂತೆಯಿಂದ ಬಾರಿಸಿದ. ಮದುವೆಯ ಮೆರವಣಿಗೆಯಲ್ಲಿ ಚೀರುವ ಬೆಂಜೋ ಮೂಲದಲ್ಲಿ ಜಪಾನಿನ ತೈಶೋಗೋತೊ, 1912ರಲ್ಲಿ ನಗೋಯಾ ಊರಿನಲ್ಲಿ ಹುಟ್ಟಿದ್ದು. ಟೈಪ್‌ರೈಟರಿನ ಕೀಲಿಗಳಂಥ ಗುಂಡಿ ಅದಕ್ಕೆ. ನಮ್ಮ ಮದುಮಗ ಜಪಾನೀ ತಂತಿಯ ಹಿಂದೆ ಕುದುರೆ ಏರಿ ಹೋಗುತ್ತಾನೆ, ಯಾರೂ ವೀಸಾ ಕೇಳುವುದಿಲ್ಲ. ಆಫ್ರಿಕಾ ಹುಡುಕಿ ವಿಮಾನ ಹತ್ತಬೇಕಾಗಿಲ್ಲ, ಹಳಿಯಾಳ-ಯಲ್ಲಾಪುರದ ಬಸ್ಸು ಸಾಕು: ಅಲ್ಲಿ ಸಿದ್ದಿ ಜನ ಇಂದಿಗೂ ದಮಾಮಿ ಬಡಿದು ಕುಣಿಯುತ್ತಾರೆ. ಹೊರಟ ದಾರಿಯೂ ಉಂಟು. ಬೀಳಗಿಯ ಸನಾದಿ ಅಪ್ಪಣ್ಣನ ಹೆಸರಿನ ಚಿತ್ರ 1977ರಲ್ಲಿ ಬಂದಾಗ ಪರದೆಯ ಮೇಲಿನ ಶಹನಾಯಿಯಲ್ಲಿ ರಾಜ್‌ಕುಮಾರರ ಬೆರಳು ಆಡಿತು, ಉಸಿರು ಮಾತ್ರ ಕಾಶಿಯ ಬಿಸ್ಮಿಲ್ಲಾ ಖಾನರದು.

ಸಿದ್ಧಾಂತ ಮತ್ತು ಪ್ರಯೋಗ

ಸೂತ್ರ 5: ಹೊಸದು ಕೇಳಬೇಕಾದರೆ ಕಿವಿಯಲ್ಲಿ ಹಳೆಯದೊಂದು ಕಾದಿರಬೇಕು.

ವೃತ್ತಿ: ಇದೇ ಸಿಂಹಾವಲೋಕನ. ಗುರುತೇ ಹತ್ತದ ಹಾಡು ಬರೀ ಸದ್ದು, ಪೂರ್ತಿ ಗುರುತಿನದು ಬರೀ ರೂಢಿ. ಮುಂದೆ ಹೋಗುತ್ತಿದ್ದ ಕಿವಿ ಒಮ್ಮೆ ಕತ್ತು ತಿರುಗಿಸಿ ‘ಇದನ್ನೆಲ್ಲೋ ಕಂಡೆನಲ್ಲ’ ಎಂದು ನಿಂತರೆ, ಆಗ ಹಾಡು ಸಿಕ್ಕಿತು ಎನ್ನಬಹುದು.

ಸೂತ್ರವನ್ನು ಪರೀಕ್ಷೆಗೆ ಒಡ್ಡಲು ಹೋಳಿ ಹುಣ್ಣಿಮೆಯ ಸಂಜೆ ನಮ್ಮ ಓಣಿಯ ಕಾಕಾನ ಬಳಿಗೆ ಹೋದೆ. ಹೋಳಿಯ ಹಲಗಿಯಲ್ಲಿ ಅವನ ಕೈಗೆ ಕೈ ಹಚ್ಚುವವರು ಕಡಿಮೆ. ಕಬ್ಬಿನ ರವದಿ ಗುಡ್ಡೆ ಹಾಕಿ ಬೆಂಕಿ ಮಾಡಿದ್ದ. ಹಲಗಿಯ ಮುಖವನ್ನು ಉರಿಗೆ ಒಡ್ಡುವುದು, ಹಿಂದೆಗೆಯುವುದು, ಹೆಬ್ಬೆರಳಿನಿಂದ ಮೀಟುವುದು, ಮತ್ತೆ ಒಡ್ಡುವುದು. ತಂಪಿಗೆ ಸಡಿಲಾದ ಚರ್ಮ ಬಿಗಿಯುತ್ತ ಬಂದಂತೆ ದಬ್ ಎಂದದ್ದು ಧಣ್ ಎಂದಿತು. ಸುಟ್ಟ ಚರ್ಮದ ವಾಸನೆ, ಬೆವರು. ಸೂತ್ರ 2ರ ಮೂಲಾರ್ಥ ಕಣ್ಣೆದುರೇ ಇತ್ತು.

ನನ್ನ ಫೋನಿನ ಇಯರ್‌ಫೋನನ್ನು ಅವನ ಕಿವಿಗಿಟ್ಟು ‘ಕೋಲ್ಡ್ ಸ್ವೆಟ್’ ಹಚ್ಚಿದೆ. ಕಾಕಾ ಮೊದಲು ಆಕಾಶ ನೋಡಿದ. ಆಮೇಲೆ ಅವನ ಎಡಗೈಯ ಸಣ್ಣ ಕಡ್ಡಿ ಹಲಗಿಯ ಅಂಚಿಗೆ ತಾನಾಗಿ ತಾಗತೊಡಗಿತು. ನಾಲ್ಕು ಆವರ್ತ ಕಳೆಯುವಷ್ಟರಲ್ಲಿ ಸಮ ಹಿಡಿದು ಬಲಗೈಯ ಪೆಟ್ಟು ಬಿತ್ತು. ಅಟ್ಲಾಂಟಿಕ್ಕಿನ ಆಚೆಯ ಮೇಳ ಅವನ ಕಿವಿಯಲ್ಲಿ, ಈಚೆಯದು ನನ್ನ ಕಿವಿಯಲ್ಲಿ. ಹಾಡು ಮುಗಿಯಿತು. ಇಯರ್‌ಫೋನು ಬಿಚ್ಚಿ ಕೊಟ್ಟ. ಹೊಸ ಹಾಡನ್ನು ಯಾವ ವರ್ಗಕ್ಕೆ ಸೇರಿಸುತ್ತಾನೋ ಎಂದು ನಾನು ಪೆನ್ನು ಹಿಡಿದು ಕೂತಿದ್ದೆ.

‘ಬಾರ್ಸಾವ ಚೊಲೊ ಅದಾನ,’ ಎಂದ. ಹಲಗಿಯನ್ನು ಮತ್ತೆ ಉರಿಗೆ ಒಡ್ಡಿದ. ‘ಆದ್ರ ತಮ್ಮಾ, ಅವರು ಹಲಗಿ ಕಾಸಿಲ್ಲ.’