ಐದುನೂರರ ಮೇಲಿನ ಸಾಹೇಬರು

1954ರಲ್ಲಿ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಸ್ಥಾಪಿತವಾಗಿ, 1962ರಲ್ಲಿ ಮಹಾರಾಷ್ಟ್ರದ ಔದ್ಯೋಗಿಕ ಮಹಾಮಂಡಳವೂ ಹುಟ್ಟಿ, ಭೋಸರಿ, ಆಕುರ್ಡಿ, ಚಿಂಚವಾಡಗಳ ಹೊಲಗಳಲ್ಲಿ ಒಂದರ ಮಗ್ಗುಲಿಗೊಂದು ಚಿಮಣಿ ಏಳತೊಡಗಿದ ಕಾಲದಲ್ಲಿ, ಧಾರವಾಡ, ಬೆಳಗಾವಿ, ವಿಜಾಪುರಗಳಿಂದ ಡಿಪ್ಲೊಮಾ ಪತ್ರವನ್ನೂ ಹಾಸಿಗೆಯ ಸುರುಳಿಯನ್ನೂ ಹಿಡಿದು ಪುಣೆಗೆ ಬಂದಿಳಿದವರಲ್ಲಿ ಕೆಲವರು ಕಾಲಕ್ರಮೇಣ ಒಂದು ಪ್ರತ್ಯೇಕ ಜಾತಿಯಾಗಿಯೇ ಪರಿಣಮಿಸಿದರು. ಕೂಲಿಯವರು ಇವರನ್ನು ‘ಸಾಹೇಬ’ ಎನ್ನುವರು. ಮ್ಯಾನೇಜರ್ ಸಾಹೇಬರು ‘ಅರೇ ರಾವ್’ ಎನ್ನುವರು. ಈ ಎರಡು ಸಂಬೋಧನೆಗಳ ನಡುವಣ ಇಕ್ಕಟ್ಟಿನಲ್ಲಿ ಸಂಸಾರ ಹೂಡಿದವರೇ ಸುಪರ್ವೈಜರ್ ರಾಯರು.

ಮೇಲ್ವಿಚಾರಣೆಯ ಕೆಲಸದಲ್ಲಿದ್ದು ತಿಂಗಳಿಗೆ 500 ರೂಪಾಯಿಗೆ ಮೀರಿ ವೇತನ ಪಡೆಯುವವನು ಕಾರ್ಮಿಕನೇ ಅಲ್ಲವೆಂದು ಔದ್ಯೋಗಿಕ ವಿವಾದಗಳ ಕಾಯಿದೆ ಆಗ ವಿಧಿಸಿತ್ತು. ರಾಯರ ವೇತನ ಆ ಗಡಿಯನ್ನು ದಾಟಿದ ದಿನ ಅವರು ಇಡೀ ಶಾಪಿಗೆ ಧಾರವಾಡದ ಪೇಢೆ ಹಂಚಿ, ಯೂನಿಯನ್ನಿನ ಚಂದಾ ರಸೀದಿಗಳನ್ನೆಲ್ಲ ಹರಿದೊಗೆದರು. ಹೆಚ್ಚಿನ ತಾಸಿಗೆ ದುಪ್ಪಟ್ಟು ಕೂಲಿ ಕೊಡುವ ಓವರ್‌ಟೈಮೂ ಆ ರಸೀದಿಗಳೊಡನೆ ಹಾರಿಹೋಯಿತೆಂಬುದು ಅವರ ಗಮನಕ್ಕೆ ಬಂದದ್ದು ಮರುತಿಂಗಳು, ಅದೂ ಮನೆಯಾಕೆಯ ಮುಖಾಂತರ.

“ಏನ್ರೀ, ಪಗಾರ ಹೋದ ತಿಂಗಳಕಿಂತ ಕಡಿಮಿ ಬಂದದಲ್ಲ?”

“ಸಾಹೇಬ ಆಗೇನಲ್ಲ, ಅದಕ್ಕ.”

ರಾಯರ ಪ್ರತಿಭೆಯನ್ನು ಕಣ್ಣಾರೆ ಕಾಣಬೇಕಾದರೆ ಗೇಟ್ ಮೀಟಿಂಗಿನ ದಿನ ಹೋಗಬೇಕು. ಪಾಳಿ ಬಿಟ್ಟೊಡನೆ ಯೂನಿಯನ್ ಮುಖಂಡ ಕುರ್ಚಿಯೇರಿ ಬೋನಸ್ಸಿನ ಶೇಕಡಾವಾರನ್ನು ವಿವರಿಸತೊಡಗುವಾಗ, ಆ ದಿಕ್ಕಿಗೆ ಬೆನ್ನು ತಿರುಗಿಸಿ ಸೈಕಲ್ ಸ್ಟ್ಯಾಂಡಿನಲ್ಲಿ ಕುಳಿತ ರಾಯರು, ಸರಿಯಾಗಿಯೇ ಇರುವ ಚೈನನ್ನು ಕಳಚುವರು, ಏರಿಸುವರು, ಮತ್ತೆ ಕಳಚುವರು. ಮುಖಂಡನ ಧ್ವನಿ ತಗ್ಗಿದರೆ ಅವರ ಕೈಯೂ ನಿಲ್ಲುವುದು, ಚಪ್ಪಾಳೆ ಬಿದ್ದರೆ ಗಾಲಿ ತಾನಾಗಿ ತಿರುಗುವುದು. ಜಯಘೋಷದೊಡನೆ ಸಭೆ ಮುಗಿಯುವ ಹೊತ್ತಿಗೆ ರಿಪೇರಿಯೂ ಮುಗಿದಿರುತ್ತದೆ. ಮರುದಿನ ಮ್ಯಾನೇಜರರ ಕೋಣೆಯಲ್ಲಿ, “ಇವರ ಬೇಡಿಕೆಗೆ ಕೊನೆಯೇ ಇಲ್ಲ ಸರ್, ಕಂಪನಿ ಮುಳುಗಿಸುತ್ತಾರೆ” ಎಂದು ನಿಟ್ಟುಸಿರುಬಿಟ್ಟು, ಹೊರಬಂದೊಡನೆ ಯೂನಿಯನ್ ಸೆಕ್ರೆಟರಿಯ ಕಿವಿಯಲ್ಲಿ, “ಬಿಡಬ್ಯಾಡ್ರಿ, ಗಟ್ಟಿ ಹಿಡೀರಿ” ಎಂದು ಉಸುರುವರು. ಕೂಲಿಯವರ ಕರಾರು ಇತ್ಯರ್ಥವಾಗದೆ ಮೇಲ್ವಿಚಾರಕರಿಗೆ ಬಡ್ತಿಯ ಮಾತೆತ್ತುವ ಸಂಪ್ರದಾಯ ಆ ಕಾರ್ಖಾನೆಯಲ್ಲಿಲ್ಲ. ರಾಯರ ಈ ನಡೆಯನ್ನು ಕಪಟವೆನ್ನಲು ನನಗೆ ಮನಸ್ಸಾಗದು. ಚಂದಾ ಕೊಡದೆಯೇ ಯೂನಿಯನ್ನಿನ ಮೇಲೆ ಇಷ್ಟೊಂದು ಶ್ರದ್ಧೆಯಿಟ್ಟ ಸದಸ್ಯರು ಅದರ ಪಟ್ಟಿಯಲ್ಲಿಯೂ ವಿರಳ.

ಕೂಲಿಯವರು ತೋಳಿಗೆ ಕಪ್ಪು ಪಟ್ಟಿ ಕಟ್ಟಿ ಪ್ರತಿಭಟಿಸಿದ ದಿನ ರಾಯರು ಕಪ್ಪು ಕೋಟು ತೊಟ್ಟು ಬಂದರು. ಕಾರ್ಮಿಕರು ಅದನ್ನು ಬೆಂಬಲವೆಂದು ಬಗೆದರು, ಮ್ಯಾನೇಜರು ಶಿಸ್ತೆಂದು ಬಗೆದರು, ಪುಣೆಯ ಸೆಕೆಯಲ್ಲಿ ಬೆವರಿದವರು ಮಾತ್ರ ರಾಯರೊಬ್ಬರೇ.

ಕಡೆಗೆ, ತಾವು ಕೆಲಸ ಕಲಿಸಿದ ಫಿಟ್ಟರನೊಬ್ಬನ ಪಗಾರದ ಲಕೋಟೆ ತಮ್ಮದಕ್ಕಿಂತ ದಪ್ಪವಾದುದನ್ನು ಕಂಡು, ಮೇಲ್ವಿಚಾರಕರಿಗೂ ಒಂದು ಸಂಘ ಬೇಕೆಂಬ ಜ್ಞಾನೋದಯ ಅವರಿಗಾಯಿತು. 1926ರ ಟ್ರೇಡ್ ಯೂನಿಯನ್ ಕಾಯಿದೆಯಂತೆ ನೋಂದಣಿಗೆ ಅಂದು ಏಳು ಮಂದಿಯ ಸಹಿ ಸಾಕಿತ್ತು. ರಾತ್ರಿಯೆಲ್ಲ ಓಡಾಡಿ, ಯಾರಿಗೂ ತಿಳಿಯದಂತೆ ಆರು ಸಹಿಗಳನ್ನು ರಾಯರೇ ಸಂಗ್ರಹಿಸಿದರು. ಏಳನೆಯದು ಅವರದೇ ಆಗಬೇಕಿತ್ತು. ಅದಕ್ಕೆ ಮ್ಯಾನೇಜರರ ಅನುಮತಿ ಕೋರಿ ಅವರು ಬರೆದ ಅರ್ಜಿಗೆ ನಿವೃತ್ತಿಯ ದಿನದವರೆಗೂ ಉತ್ತರ ಬರಲಿಲ್ಲ.